ಚಾಪೆ ಸಾಲದು, ಬೀಗವಿರುವ ಪೆಟ್ಟಿಗೆಯೂ ಬೇಕು: ದಾವಣಗೆರೆ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಗರದ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಮಂದಿಗೆ ಕಾಯಂ ಆಶ್ರಯ, ತಲಾ 50 ಚದರಡಿ ಜಾಗ. ವಸತಿರಹಿತರ ಆಶ್ರಯ ಯೋಜನೆಯ ಈ ಮಾರ್ಗಸೂಚಿ ತಮಗೆ ಗೊತ್ತಿರುವುದೇ. 2011ರ ಜನಗಣತಿಯಲ್ಲೇ ದಾವಣಗೆರೆ 4.34 ಲಕ್ಷ ದಾಟಿತ್ತು. ಗುಣಾಕಾರ ತಾವೇ ಮಾಡಿಕೊಳ್ಳಬಹುದು. ನಾವು ಕೇಳುವುದು ಇಷ್ಟೇ: ಹೆಂಗಸರಿಗೆ ಪ್ರತ್ಯೇಕ ಆಶ್ರಯ, ಪ್ರತಿಯೊಬ್ಬರಿಗೂ ಬೀಗವಿರುವ ಪೆಟ್ಟಿಗೆ, ಹಗಲೂ ತೆರೆದಿರುವ ಬಾಗಿಲು.

ಕಡತದಲ್ಲಿ ಎಲ್ಲರೂ ‘ನಿರಾಶ್ರಿತರು’. ಸಂಕಟ ಮಾತ್ರ ಒಬ್ಬೊಬ್ಬರದೂ ಬೇರೆ. ಎಪಿಎಂಸಿಯಲ್ಲಿ ಮೂಟೆ ಹೊತ್ತು ಅಂಗಡಿ ಜಗಲಿಯಲ್ಲಿ ಮಲಗುವ ಹಮಾಲಿಗೆ ಅಂದಿನ ಕೂಲಿ ಬೆಳಗಿನವರೆಗೆ ಜೇಬಿನಲ್ಲಿ ಉಳಿದೀತೇ ಎಂಬ ದಿಗಿಲು. ಕದ್ದು ಹೋಗುವ ಬದಲು ಎಂದು ಸಂಜೆಯೇ ಕುಡಿದು ಮುಗಿಸುವವರೂ ಇದ್ದಾರೆ. ಹೆಂಗಸರು ಹೊತ್ತು ಮುಳುಗಿದ ಮೇಲೆ ನೀರು ಮುಟ್ಟುವುದಿಲ್ಲ, ಕತ್ತಲಲ್ಲಿ ಎದ್ದು ಹೋಗಬೇಕಾಗುತ್ತದಲ್ಲ. ಅದರಿಂದ ಉರಿಮೂತ್ರ, ಜ್ವರ. ಡಾಕ್ಟರು ‘ನೀರು ಜಾಸ್ತಿ ಕುಡಿಯಮ್ಮ’ ಅನ್ನುತ್ತಾರೆ.

ಮಾನಸಿಕ ಕಾಯಿಲೆ ಇರುವವಳ ಪಾಡು ಇನ್ನೂ ಕಷ್ಟ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಕಲಮಿನಂತೆ ಪೊಲೀಸರು ಅಂಥವರನ್ನು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು. ಸರಿ, ಒಯ್ದರು. ಬಿಡುಗಡೆಯಾದ ಮೇಲೆ? ಅದೇ ಫುಟ್‌ಪಾತ್. ರಾತ್ರಿ ಗುಳಿಗೆ ನುಂಗಿದರೆ ಮಂಪರು. ಬೀದಿಯಲ್ಲಿ ಮಂಪರು ಬಂದರೆ ಏನಾಗುತ್ತದೆಂದು ಅವಳಿಗೆ ಗೊತ್ತು. ಗುಳಿಗೆ ಬಿಡುತ್ತಾಳೆ, ಕಾಯಿಲೆ ಮರುಕಳಿಸುತ್ತದೆ. ಚೀಟಿಯಲ್ಲಿ ಬರೆಯುವುದು: ‘ಔಷಧ ಸರಿಯಾಗಿ ತೆಗೆದುಕೊಳ್ಳುತ್ತಿಲ್ಲ’. ಹೆಂಗಸರಿಗೆ ಪ್ರತ್ಯೇಕ ಆಶ್ರಯ ಕೊಡಿ ಸ್ವಾಮಿ, ಗುಳಿಗೆ ತಾನಾಗಿ ಹೊಟ್ಟೆಗೆ ಸೇರುತ್ತದೆ.

ಇನ್ನು ಬೀದಿಯಲ್ಲೇ ಮಲಗುವ ಒಬ್ಬ ಅಜ್ಜಿಯ ಗಂಟಿನ ಕತೆ. ಬೆಳಗಿನ ಜಾವ ರಸ್ತೆ ಗುಡಿಸುವಾಗ ಅದನ್ನು ಎತ್ತಿ ಕಸದ ಗಾಡಿಗೆ ಎಸೆದರು. ಹಳೇ ಸೀರೆಯ ಗಂಟು. ಒಳಗೆ ಹಾಲಿನ ಕವರಿನಲ್ಲಿ ಸುತ್ತಿದ ಆಧಾರ್, ಬ್ಯಾಂಕ್ ಪಾಸ್‌ಬುಕ್, ವೃದ್ಧರಿಗೆ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿಯ ಮಂಜೂರಾತಿ ಪ್ರತಿ, ಬಿಪಿ ಮಾತ್ರೆ, ಬಟನ್ ಮೊಬೈಲು. ಹೊಸ ಆಧಾರ್ ಪ್ರತಿಗೆ ಒಟಿಪಿ ಬೇಕು. ಒಟಿಪಿ ಬರುವ ಮೊಬೈಲು ಗಂಟಿನಲ್ಲೇ ಹೋಯಿತು. ಬೆರಳಚ್ಚು ಕೊಡೋಣವೆಂದರೆ ಪಾತ್ರೆ ತಿಕ್ಕಿ ಸವೆದ ಬೆರಳು, ಯಂತ್ರಕ್ಕೆ ಹತ್ತುವುದಿಲ್ಲ. ಕಣ್ಣಿನ ಸ್ಕ್ಯಾನ್ ಮಾಡಿ ಎಂದು ಕೇಳುವಷ್ಟು ತಿಳಿವಳಿಕೆ ಅಜ್ಜಿಗಿಲ್ಲ, ಹೇಳುವಷ್ಟು ಪುರುಸೊತ್ತು ಕೌಂಟರಿನವರಿಗಿಲ್ಲ. ಕಾರ್ಡನ್ನು ಅಂಚೆಯಲ್ಲಿ ತರಿಸೋಣವೆಂದರೆ ಯಾವ ವಿಳಾಸಕ್ಕೆ? ತಿಂಗಳ 1,200 ರೂಪಾಯಿ ಪಿಂಚಣಿ ಬಿಡಿಸಿಕೊಳ್ಳಲು ದಾರಿಯಿಲ್ಲ. ರಸ್ತೆ ಚೊಕ್ಕಟವಾಯಿತು, ಅಭಿನಂದನೆಗಳು.

ಒಂದೂವರೆ ಅಡಿ ಚೌಕದ ಕಬ್ಬಿಣದ ಪೆಟ್ಟಿಗೆ ಸಾಕು. ಒಂದು ಕೀಲಿ ದಾರಕ್ಕೆ ಕಟ್ಟಿ ಅವರ ಕೊರಳಿಗೆ, ಇನ್ನೊಂದು ಮೇಲ್ವಿಚಾರಕರ ಬಳಿ. ಬಾಗಿಲು ಹಗಲೂ ತೆರೆದಿರಬೇಕು, ಯಾಕೆಂದರೆ ರಾತ್ರಿ ಪಾಳಿಯವರು ಮಲಗುವುದೇ ಹಗಲು. ಗಂಡ ಒಂದು ಕಡೆ, ಹೆಂಡತಿ ಮಕ್ಕಳು ಒಂದು ಕಡೆ ಎಂದರೆ ಸಂಸಾರಸ್ಥರು ಬರುವುದಿಲ್ಲ. ಅವರಿಗೆ ಬೇರೆ ಕೋಣೆ ಬೇಕು. ದುಡಿದು ತಿನ್ನುವವರನ್ನೂ ಭಿಕ್ಷುಕರೆಂದು ವ್ಯಾನು ಹತ್ತಿಸುವುದು ಇದಕ್ಕೆ ಮದ್ದಲ್ಲ.

‘ಪರಿಶೀಲಿಸಲಾಗುವುದು’ ಎಂಬ ಉತ್ತರ ಬೇಡ. ಹೆಂಗಸರ ಆಶ್ರಯಕ್ಕೆ ಯಾವ ಕಟ್ಟಡ, ಎಷ್ಟು ಹಾಸಿಗೆ, ಎಷ್ಟು ಪೆಟ್ಟಿಗೆ, ಯಾವ ತಾರೀಖಿನಿಂದ ಎಂದು ಬರೆದು ತಿಳಿಸಿ.

ಇತಿ,
ವಸತಿರಹಿತರ ನಡುವೆ ಕೆಲಸ ಮಾಡುವವರು, ದಾವಣಗೆರೆ