ಆ ಚೀಲ ಬಿಚ್ಚಬೇಡ, ಬಸು

ಧಾರವಾಡ, ಭಾನುವಾರ

ಪ್ರೀತಿಯ ಬಸು,

ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಹಾವೇರಿಯಲ್ಲಿ ದನದ ಫೀಡು ಅರ್ಧ ರೇಟಿಗೆ ಸಿಕ್ಕಿತು, ಅದರಲ್ಲಿ ಮಾಂಸ, ಎಲುಬಿನ ಪುಡಿ ಇದೆಯಂತೆ, ಎಮ್ಮೆ ಹಾಲು ಜಾಸ್ತಿ ಕೊಡುತ್ತಂತೆ ಅಂತ. ನಾನು ಬೇಡ ಅಂದರೆ "ಬೇಯಿಸಿ ಪುಡಿ ಮಾಡಿರ್ತಾರೆ ಕಾಕಾ, ಏನೂ ಆಗಲ್ಲ" ಅಂದು ಫೋನ್ ಇಟ್ಟುಬಿಟ್ಟೆ.

ಶೀಗಿ ಹುಣ್ಣಿಮೆಗೆ ಹೊಲದಲ್ಲಿ ಉಣ್ಣಲು ಕೂತಾಗಲೂ ಇದೇ ಮಾತು ಆಡಿದ್ದೆ. ಯಾವುದೋ ವಿಡಿಯೋ ನೋಡಿ, ಮನುಷ್ಯರ ಮಾಂಸವನ್ನು ಚೆನ್ನಾಗಿ ಬೇಯಿಸಿ ತಿಂದರೂ ರೋಗ ಹೇಗೆ ಬರುತ್ತೆ ಅಂತ ಕೇಳಿದೆ. ನಿಮ್ಮವ್ವ "ಉಣ್ಣುವಾಗ ಎಂಥಾ ಮಾತೋ" ಅಂತ ಗದರಿದರು, ನಾನೂ ಸುಮ್ನೆ ರೊಟ್ಟಿ ಮುರಿಯುತ್ತಾ ಕೂತೆ. ದನದ ದವಾಖಾನೆಯಲ್ಲಿ ಇಷ್ಟು ವರ್ಷ ಕಂಪೌಂಡರ್ ಆಗಿದ್ದವನು ಅವತ್ತೇ ಹೇಳಬೇಕಿತ್ತು. ನಿನ್ನ ಆ ಪ್ರಶ್ನೆಗೂ ಈ ಚೀಲಕ್ಕೂ ಉತ್ತರ ಒಂದೇ.

ಪಪುವಾ ನ್ಯೂಗಿನಿಯ ಗುಡ್ಡಗಳಲ್ಲಿ ಫೋರೆ ಅನ್ನುವ ಜನ ಇದ್ದಾರೆ. ಮನೆಯವರು ಸತ್ತರೆ ಅವರನ್ನು ತಿನ್ನುವ ಪದ್ಧತಿ ಅವರಲ್ಲಿತ್ತು. ಹಸಿವಿಗಲ್ಲ, ಹಗೆಗೂ ಅಲ್ಲ. ಮಣ್ಣಿನ ಹುಳ ತಿನ್ನುವುದಕ್ಕಿಂತ ಬೇಕಾದವರ ಹೊಟ್ಟೆ ಸೇರುವುದು ಮೇಲು ಅಂತ. (ನಿನ್ನ ವಿಡಿಯೋದವರು ಅವರನ್ನು ರಾಕ್ಷಸರ ಹಾಗೆ ತೋರಿಸಿದ್ದರೆ ಅದನ್ನು ನಂಬಬೇಡ.) ಅವರು ಹಸಿಯಾಗಿ ತಿನ್ನುತ್ತಿರಲಿಲ್ಲ, ಬಿದಿರಿನ ಗಳದಲ್ಲಿ ತುಂಬಿ ಬೇಯಿಸುತ್ತಿದ್ದರು. ಮೆದುಳು ಹೆಚ್ಚಾಗಿ ಹೆಂಗಸರ, ಮಕ್ಕಳ ಪಾಲಿಗೆ ಬರುತ್ತಿತ್ತು. ಕುರು ರೋಗ ಹೆಚ್ಚಾಗಿ ಬಡಿದದ್ದೂ ಅವರಿಗೇ. ಕುರು ಅಂದರೆ ನಡುಕ. ಮೊದಲು ಕಾಲು ತಪ್ಪುತ್ತೆ, ಆಮೇಲೆ ಮೈಯೆಲ್ಲಾ ನಡುಗುತ್ತೆ, ಕೊನೆಗೆ ನುಂಗಲೂ ಆಗಲ್ಲ, ಹೆಚ್ಚೆಂದರೆ ಒಂದೆರಡು ವರ್ಷ. 1957ರ ಸುಮಾರಿಗೆ ಡಾಕ್ಟರುಗಳು ಅಲ್ಲಿಗೆ ಹೋದಾಗ ವರ್ಷಕ್ಕೆ ಇನ್ನೂರರಷ್ಟು ಜನ ಹೀಗೆ ಸಾಯುತ್ತಿದ್ದರು. ಜ್ವರ ಇಲ್ಲ, ಬಾವು ಇಲ್ಲ, ರಕ್ತದಲ್ಲಿ ಏನೂ ಸಿಗಲ್ಲ.

ಸಿಗದಿದ್ದಕ್ಕೆ ಕಾರಣ, ಅದು ಕ್ರಿಮಿಯೇ ಅಲ್ಲ. 1982ರಲ್ಲಿ ಪ್ರೂಸಿನರ್ ಅನ್ನುವವರು ಅದಕ್ಕೆ ಪ್ರಿಯಾನ್ ಅಂತ ಹೆಸರಿಟ್ಟರು, ಮುಂದೆ ನೊಬೆಲ್ ಕೂಡ ಬಂತು. ನಮ್ಮ ಮೆದುಳಿನಲ್ಲೇ ಇರುವ ಒಂದು ಪ್ರೋಟೀನು ಮಡಿಕೆ ತಪ್ಪಿರುತ್ತೆ, ಪಕ್ಕದಲ್ಲಿ ಸರಿಯಾಗಿರುವುದನ್ನೂ ತನ್ನ ಹಾಗೇ ಕೆಡಿಸುತ್ತೆ. ಒಂದು ಹನಿ ಹೆಪ್ಪು ಇಡೀ ಗಡಿಗೆ ಹಾಲನ್ನು ಮೊಸರು ಮಾಡುತ್ತಲ್ಲ, ಹಾಗೆ. ಹೆಪ್ಪಿನಲ್ಲಾದರೂ ಜೀವ ಇರುತ್ತೆ, ಕುದಿಸಿದರೆ ಸಾಯುತ್ತೆ. ಇದರಲ್ಲಿ ಸಾಯಲು ಜೀವವೇ ಇಲ್ಲ! ಕುದಿಸಿದರೂ ಹೋಗಲ್ಲ, ಫಾರ್ಮಾಲಿನ್‌ನಲ್ಲಿ ಇಟ್ಟರೂ ಹೋಗಲ್ಲ. ಬೇರೆ ಪ್ರಾಣಿಯದಾದರೆ ಮಡಿಕೆ ಅಷ್ಟು ಸುಲಭಕ್ಕೆ ಹೊಂದಲ್ಲ, ತನ್ನದೇ ಜಾತಿಯದಾದರೆ ಸಲೀಸು. ಇನ್ನೊಂದು ಕೆಟ್ಟ ಗುಣ ಅಂದರೆ ಕಾಯುವುದು. ಅಲ್ಲಿ ಆ ಪದ್ಧತಿ 1960ರ ಹೊತ್ತಿಗೆ ನಿಂತುಹೋಯಿತು, ಆದರೂ ಚಿಕ್ಕವರಿದ್ದಾಗ ತಿಂದವರಲ್ಲಿ ಕೆಲವರಿಗೆ ನಲವತ್ತು ಐವತ್ತು ವರ್ಷ ಆದಮೇಲೆ ನಡುಕ ಶುರುವಾಯಿತು.

ಈಗ ನಿನ್ನ ಚೀಲಕ್ಕೆ ಬಾ. ಇಂಗ್ಲೆಂಡಿನವರು ಸತ್ತ ಕುರಿ ದನಗಳನ್ನೇ ಬೇಯಿಸಿ ಪುಡಿ ಮಾಡಿ ಹಸುಗಳಿಗೆ ಹಾಕಿದರು. ಹುಲ್ಲು ತಿನ್ನುವ ಬಾಯಿಗೆ ಅದರ ಬಳಗವನ್ನೇ ಉಣಿಸಿದ ಹಾಗೆ. 1986ರಲ್ಲಿ ಹುಚ್ಚು ಹಸು ರೋಗ ಗೊತ್ತಾಯಿತು, ಅದೂ ಇದೇ ಪ್ರಿಯಾನಿನ ರೋಗ, 1,80,000ಕ್ಕೂ ಹೆಚ್ಚು ದನಗಳಿಗೆ ಬಂತು, ಅಂಥ ದನದ ಮಾಂಸ ತಿಂದ ಮನುಷ್ಯರಿಗೂ ಅದು ದಾಟಿದೆ ಅಂತ 1996ರಲ್ಲಿ ಒಪ್ಪಿಕೊಂಡರು. ಆ ದೇಶವೊಂದರಲ್ಲೇ 170ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ನಿನ್ನ ವಯಸ್ಸಿನವರೂ ಬಹಳ. ಬಹುಪಾಲು ಜನ ಬೇಯಿಸಿದ್ದನ್ನೇ ತಿಂದವರು ತಮ್ಮಾ.

ನಮ್ಮ ದೇಶದ ದನಗಳಲ್ಲಿ ಈ ರೋಗ ಕಂಡಿಲ್ಲ. ಹಾಗೇ ಇರಲಿ ಅಂತಲೇ ಹಾಲಿನ ದನಕ್ಕೆ ಇಂಥ ಪುಡಿ ಹಾಕುವಂತಿಲ್ಲ ಅನ್ನುವ ನಿಯಮ ಇರೋದು.

"ನಮ್ಮ ಎಮ್ಮೆ ತಾನೇ ಎಲುಬು ಕಡಿಯುತ್ತೆ" ಅಂದೆಯಲ್ಲ, ಅದು ರುಚಿಗಲ್ಲ, ಫಾಸ್ಫರಸ್ ಕಡಿಮೆಯಾಗಿದೆ ಅಂತ ಅರ್ಥ. ಖನಿಜ ಮಿಶ್ರಣ ಕೊಡು, ಹತ್ತಿಕಾಳು ಹಿಂಡಿ ಕೊಡು, ಕಣಕಿ ಅಂತೂ ಇದ್ದೇ ಇದೆ. ಕೊಟ್ಟ ರೊಕ್ಕ ಹೋದರೆ ಹೋಗಲಿ, ಅರ್ಧ ನಾನು ಕೊಡ್ತೀನಿ, ನಿಮ್ಮಪ್ಪನಿಗೆ ಹೇಳಬೇಡ.

ಬುಧವಾರ ಬೆಳಗಿನ ಬಸ್ಸಿಗೆ ಬರ್ತೀನಿ. ಅಲ್ಲಿತನಕ ಚೀಲದ ಹೊಲಿಗೆ ಬಿಚ್ಚಬೇಡ, ಮೇಲಿನ ಚೀಟಿ ಹರಿಯಬೇಡ.

ನಿನ್ನ ಕಾಕಾ