ಗುಜರಿಗೆ ಹಾಕುವ ಮೊದಲು ಜನರೇಟರ್‌ನ ಹರ್ಟ್ಸ್ ನೋಡಿ

ಮಾನ್ಯ ಸಂಪಾದಕರೇ,

ಹೋದ ವಾರ ಈ ಅಂಕಣದಲ್ಲಿ ವಿರಾಜಪೇಟೆಯ ಓದುಗರೊಬ್ಬರ ಪತ್ರ ಬಂದಿತ್ತು. ಮಳೆಗಾಲದಲ್ಲಿ ಅವರ ರೆಕಾರ್ಡ್ ಪ್ಲೇಯರ್ ಹಾಡನ್ನು ಎಳೆದೆಳೆದು ಹಾಡುತ್ತದಂತೆ. ಮೋಟಾರ್ ಹೋಗಿದೆ ಎಂದು ರಿಪೇರಿಯವರು ಹೇಳಿದರಂತೆ. ಇನ್ನು ಗುಜರಿಗೆ ಹಾಕುತ್ತೇನೆ ಎಂದು ಬರೆದಿದ್ದರು. ದಯವಿಟ್ಟು ಹಾಕಬೇಡಿ. ನನಗೂ ಇದೇ ಮಾತು ಹೇಳಿದ್ದರು. ನನ್ನ ಮೋಟಾರ್‌ಗೆ ಏನೂ ಆಗಿರಲಿಲ್ಲ.

ನಮ್ಮದು ಸುಂಟಿಕೊಪ್ಪದ ಹತ್ತಿರ ಸಣ್ಣ ಕಾಫಿ ತೋಟ. ಅಪ್ಪ ಬಿಟ್ಟುಹೋದ, ಬೆಲ್ಟ್‌ನಿಂದ ತಿರುಗುವ ರೆಕಾರ್ಡ್ ಪ್ಲೇಯರ್ ಒಂದು, ನಾನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಪ್ಲೇಯರ್ ಒಂದು. ನೆಂಟರ ಮನೆ ಕಾರ್ಯಗಳಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು, ನಡುವೆ ಎರಡರ ಧ್ವನಿ ಬೆರೆಸುವ ಚಿಕ್ಕ ಮಿಕ್ಸರ್ ಇಟ್ಟುಕೊಂಡು, ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದನ್ನು ಅದೇ ಬಡಿತಕ್ಕೆ ಸೇರಿಸುತ್ತೇನೆ. ಕುಣಿಯುವವರ ಕಾಲು ನಿಲ್ಲಬಾರದು ಅಷ್ಟೆ. ಅಪ್ಪನ ಪ್ಲೇಯರ್‌ನಲ್ಲಿ ವೇಗ ಹೊಂದಿಸುವ ಗುಂಡಿ ಇಲ್ಲ. ಟೆಕ್ನಿಕ್ಸ್‌ನಲ್ಲಿ ಶೇ 8ರಷ್ಟು ಮೇಲೆ, ಶೇ 8ರಷ್ಟು ಕೆಳಗೆ ಸರಿಸಬಹುದು. ಹಾಗಾಗಿ ಅಪ್ಪನದ್ದು ಹೇಗೆ ತಿರುಗುತ್ತದೋ ಅದಕ್ಕೆ ಇದನ್ನು ಹೊಂದಿಸುವುದು.

ಏಪ್ರಿಲ್‌ನಲ್ಲಿ ಒಂದು ಮದುವೆ. ಸಂಜೆ ಗುಡುಗು ಮಳೆ ಬಂತು, ಕರೆಂಟ್ ಹೋಯಿತು, ಬಾಡಿಗೆ ಜನರೇಟರ್ ಹಾಕಿದರು. ಅಲ್ಲಿಂದ ಶುರು. ಟೆಕ್ನಿಕ್ಸ್ ಸರಿಯಾಗಿಯೇ ಇತ್ತು. ಅಪ್ಪನ ಪ್ಲೇಯರ್‌ನ ಹಾಡು ಮಾತ್ರ ಭಾರವಾಗಿ, ನಿದ್ದೆಗಣ್ಣಲ್ಲಿ ಹಾಡಿದ ಹಾಗೆ ಕೇಳಿಸಿತು. ಎರಡನ್ನೂ ಸೇರಿಸಿ ಕಾಲು ನಿಮಿಷ ಆಗಿರಲಿಲ್ಲ, ಬಡಿತ ಒಂದರ ಮೇಲೊಂದು ಬಿದ್ದು ಗದ್ದಲವಾಯಿತು. ಕುಣಿಯುತ್ತಿದ್ದವರು ನಿಂತು ನನ್ನ ಕಡೆ ನೋಡಿದರು. ಆ ನೋಟ ಇವತ್ತಿಗೂ ನೆನಪಿದೆ.

ನನ್ನ ಹತ್ತಿರ ವೇಗ ನೋಡುವ ಗೆರೆ ಹಾಳೆ ಇದೆ. ದುಂಡಗಿನ ರಟ್ಟು, ಅಂಚಿನ ಸುತ್ತ 180 ಗೆರೆ. ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಹರಿಯುತ್ತದೋ ಅದೇ ಹರ್ಟ್ಸ್, ನಮ್ಮಲ್ಲಿ 50. 50 ಹರ್ಟ್ಸ್ ಕರೆಂಟಿನ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಅದರ ಕೆಳಗೆ ಪ್ಲೇಯರ್ ನಿಮಿಷಕ್ಕೆ ಸರಿಯಾಗಿ 33⅓ ಸುತ್ತು ತಿರುಗಿದರೆ ಗೆರೆಗಳು ನಿಂತ ಹಾಗೆ ಕಾಣುತ್ತವೆ. (ಅಮೆರಿಕದಿಂದ ಬಂದ ಹಾಳೆಯಾದರೆ 216 ಗೆರೆ ಇರುತ್ತದೆ, ಅದು 60 ಹರ್ಟ್ಸ್‌ಗೆ. ನಮ್ಮಲ್ಲಿ ಸುಮ್ನೆ ದಾರಿ ತಪ್ಪಿಸುತ್ತದೆ.) ಅವತ್ತು ಚಪ್ಪರದ ಹಳೆ ಚೋಕ್‌ನ ಟ್ಯೂಬ್‌ಲೈಟ್ ಕೆಳಗೆ ಹಾಳೆ ಇಟ್ಟು ನೋಡಿದೆ. ಗೆರೆಗಳು ಕಲ್ಲಿನ ಹಾಗೆ ನಿಂತಿದ್ದವು! ಕಣ್ಣು ಸರಿ ಅನ್ನುತ್ತಿದೆ, ಕಿವಿ ತಪ್ಪು ಅನ್ನುತ್ತಿದೆ. ರೆಕಾರ್ಡ್ ಬದಲಾಯಿಸಿದೆ, ಅದೇ ಕಥೆ. ಪೇಟೆಯ ಅಂಗಡಿಯೊಂದಕ್ಕೆ ಕೊಟ್ಟೆ. ಹೊಸ ಬೆಲ್ಟ್ ಹಾಕಿ, ಮೋಟಾರ್ ಹೋಗಿದೆ ಎಂದೂ ಹೇಳಿ ಕಳಿಸಿದರು. ಮನೆಯ ಕರೆಂಟಿನಲ್ಲಿ ಚೆನ್ನಾಗಿ ಹಾಡಿತು. ಮುಂದಿನ ಮದುವೆಯಲ್ಲಿ ಮತ್ತೆ ಜನರೇಟರ್, ಮತ್ತೆ ಅದೇ ಗೋಳು.

ಆಗ ಒಂದು ವಿಷಯ ಗಮನಕ್ಕೆ ಬಂತು. ಅಡುಗೆಯವರು ಗ್ರೈಂಡರ್ ಹಾಕಿದಾಗಲೆಲ್ಲ ಹಾಡು ಇನ್ನಷ್ಟು ಕುಗ್ಗುತ್ತಿತ್ತು. ವೈರಿಂಗ್ ಕೆಲಸ ಮಾಡುವ ನಮ್ಮ ಪಕ್ಕದ ಮನೆಯ ಹುಡುಗ ಮೀಟರ್ ಹಾಕಿ ನೋಡಿದ. ವೋಲ್ಟೇಜ್ ಪರವಾಗಿಲ್ಲ, ಹರ್ಟ್ಸ್ ಮಾತ್ರ 48. ಎಲ್ಲ ಅರ್ಥವಾಯಿತು. ಅಪ್ಪನ ಪ್ಲೇಯರ್‌ನಲ್ಲಿರುವುದು ಸಿಂಕ್ರೊನಸ್ ಮೋಟಾರ್. ಅದು ಕರೆಂಟಿನ ಹರ್ಟ್ಸ್ ಹಿಡಿದುಕೊಂಡೇ ತಿರುಗುತ್ತದೆ. 50 ಇದ್ದದ್ದು 48 ಆದರೆ 33⅓ ಸುತ್ತು 32ಕ್ಕೆ ಇಳಿಯುತ್ತದೆ. ಟ್ಯೂಬ್‌ಲೈಟ್ ಮಿನುಗುವುದೂ ಅದೇ ಲೆಕ್ಕದಲ್ಲಿ ಕಡಿಮೆಯಾಗುತ್ತದೆ. ಎರಡೂ ಒಟ್ಟಿಗೆ ತಪ್ಪುವುದರಿಂದ ಗೆರೆ ನಿಂತೇ ಇರುತ್ತದೆ! ಟೆಕ್ನಿಕ್ಸ್ ತನ್ನೊಳಗಿನ ಕ್ವಾರ್ಟ್ಜ್ ಹರಳಿನ ಲೆಕ್ಕದಲ್ಲಿ ತಿರುಗುತ್ತದೆ, ಅದಕ್ಕೆ ಜನರೇಟರ್‌ನ ಹರ್ಟ್ಸ್ ಲೆಕ್ಕಕ್ಕಿಲ್ಲ. ನಿಮಿಷಕ್ಕೆ 100 ಬಡಿತದ ಹಾಡು ಒಂದರಲ್ಲಿ 100, ಇನ್ನೊಂದರಲ್ಲಿ 96. ಹದಿನೈದು ಸೆಕೆಂಡಿಗೆ ಒಂದು ಪೂರ್ತಿ ಬಡಿತ ಹಿಂದೆ.

ವಿರಾಜಪೇಟೆಯ ಓದುಗರೇ, ಮಳೆಗಾಲ ಅಂದರೆ ನಮ್ಮಲ್ಲಿ ಜನರೇಟರ್ ಕಾಲ ಅಲ್ವಾ? ನಿಮ್ಮಲ್ಲೂ ಇದೇ ಇರಬಹುದು. ಹೀಗೆ ಮಾಡಿ. ರೆಕಾರ್ಡ್‌ನ ಮಧ್ಯದ ಲೇಬಲ್ ಮೇಲೆ ಚಿಕ್ಕ ಕಾಗದ ಅಂಟಿಸಿ, ಫೋನಿನ ಸ್ಟಾಪ್‌ವಾಚ್ ಇಟ್ಟುಕೊಂಡು 33⅓ರ ವೇಗದಲ್ಲಿ 100 ಸುತ್ತು ಎಣಿಸಿ. ಸರಿಯಾಗಿ 3 ನಿಮಿಷ ಆಗಬೇಕು. 48 ಹರ್ಟ್ಸ್ ಆದರೆ ಏಳೂವರೆ ಸೆಕೆಂಡ್ ಜಾಸ್ತಿ ಹಿಡಿಯುತ್ತದೆ. ಫೋನಿನ ಗಡಿಯಾರ ಜನರೇಟರ್ ಮಾತು ಕೇಳುವುದಿಲ್ಲ. ಮನೆ ಕರೆಂಟಿನಲ್ಲಿ ಒಮ್ಮೆ, ಜನರೇಟರ್‌ನಲ್ಲಿ ಒಮ್ಮೆ ಎಣಿಸಿದರೆ ಸಾಕು.

ಎರಡರಲ್ಲೂ ನಿಧಾನ ಇದ್ದರೆ ಬೆಲ್ಟ್ ನೋಡಿ. ವರ್ಷಗಟ್ಟಲೆ ಮೂಲೆಯಲ್ಲಿದ್ದ ಬೆಲ್ಟ್ ಸಡಿಲವಾಗಿ ಜಾರುತ್ತದೆ. ಸುತ್ತಿಗೊಮ್ಮೆ, ಅಂದರೆ 1.8 ಸೆಕೆಂಡಿಗೊಮ್ಮೆ, ಸ್ವರ ಅಲೆಯಂತೆ ಏರಿ ಇಳಿದರೆ ಪ್ಲೇಯರ್‌ನ ತಪ್ಪು ಅಲ್ಲ, ರೆಕಾರ್ಡ್‌ನ ತೂತು ನಡುವಿನಿಂದ ಸರಿದಿರುವ ಸಾಧ್ಯತೆಯೇ ಜಾಸ್ತಿ. ಇನ್ನು ಹಾಡು ಮುಂದೆ ಹೋದ ಹಾಗೆ ಮೆಲ್ಲ ಬಡಿತ ಏರುತ್ತಾ ಹೋದರೆ ಅದು ಬಾರಿಸಿದವರ ಕೈ. ಹಳೆ ಸಿನಿಮಾ ಹಾಡುಗಳಿಗೆ ಇಡೀ ವಾದ್ಯವೃಂದ ಒಟ್ಟಿಗೆ ಕೂತು ನುಡಿಸುತ್ತಿತ್ತು, ಅಲ್ಲಿ ಉಸಿರಿದೆ. ನಮ್ಮ ವಾಲಗದವರೂ ಕುಣಿಯುವವರ ಕಾಲು ನೋಡಿ ಬಡಿತ ಏರಿಸುತ್ತಾರೆ, ಅದನ್ನು ಯಾರಾದರೂ ತಪ್ಪು ಅನ್ನುತ್ತಾರಾ? ಅಂಥ ಹಾಡನ್ನು ಸೇರಿಸುವಾಗ ಒಮ್ಮೆ ಹೊಂದಿಸಿ ಕೈ ಬಿಡಬೇಡಿ. ತಟ್ಟೆಯ ಅಂಚಿಗೆ ಬೆರಳು ಮೆಲ್ಲ ತಾಗಿಸುತ್ತಾ ಜೊತೆಗೇ ಹೋಗಬೇಕು.

ಇನ್ನೊಂದು ಮಾತು. ಪ್ಲೇಯರ್‌ನ ಮುಳ್ಳು ಹಾರುತ್ತದೆ ಎಂದು ಅದರ ತಲೆಯ ಮೇಲೆ ನಾಣ್ಯ ಇಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ, ರೆಕಾರ್ಡ್‌ನ ಗೆರೆ ಸವೆಯುತ್ತದೆ. ಹಳೆ ಮನೆಗಳ ಮರದ ಅಟ್ಟದಲ್ಲಿ ಜನ ಕುಣಿದರೆ ಮುಳ್ಳು ಹಾರುವುದು ಸಹಜ. ನಾನು ಗೋಡೆಗೆ ಹೊಂದಿದ ಕಟ್ಟೆಯ ಮೇಲೆ, ಅಡುಗೆಮನೆ ಕಟ್ಟುವಾಗ ಉಳಿದ ಗ್ರಾನೈಟ್ ಹಾಸು ಹಾಕಿ ಪ್ಲೇಯರ್ ಇಟ್ಟಿದ್ದೇನೆ. ಆಮೇಲೆ ಒಮ್ಮೆಯೂ ಹಾರಿಲ್ಲ.

ಜನರೇಟರ್ ಬಾಡಿಗೆಗೆ ಕೊಡುವವರಲ್ಲಿ ನನ್ನ ವಿನಂತಿ. ಕಾರ್ಯದ ಮನೆಗೆ ಕಳಿಸುವ ಮೊದಲು, ಲೈಟು, ಗ್ರೈಂಡರ್ ಎಲ್ಲ ಹಾಕಿ, ಹರ್ಟ್ಸ್ 50ರ ಹತ್ತಿರ ನಿಲ್ಲುತ್ತದೆಯೇ ಎಂದು ಮೀಟರಿನಲ್ಲಿ ನೋಡಿ. ನಮ್ಮ ಕಡೆಯ ಒಬ್ಬರು ಮೆಕ್ಯಾನಿಕ್ ಕೈಲಿ ಎಂಜಿನ್‌ನ ಗವರ್ನರ್ (ವೇಗ ಒಂದೇ ಸಮ ಇಡುವ ಭಾಗ) ಸರಿ ಮಾಡಿಸಿಕೊಟ್ಟರು, ಅರ್ಧ ಗಂಟೆಯ ಕೆಲಸ. ಮೊನ್ನೆ ಅದೇ ಜನರೇಟರ್‌ನಲ್ಲಿ ಅಪ್ಪನ ಪ್ಲೇಯರ್ ಇಟ್ಟು 100 ಸುತ್ತು ಎಣಿಸಿದೆ. 3 ನಿಮಿಷ 1 ಸೆಕೆಂಡ್. ಪುತ್ತರಿ ಹಬ್ಬಕ್ಕೆ ನೆಂಟರೆಲ್ಲ ಬರುತ್ತಾರೆ, ಎರಡೂ ಪ್ಲೇಯರ್ ಹಾಕುತ್ತೇನೆ.

– ಒಬ್ಬ ಓದುಗಳು, ಸುಂಟಿಕೊಪ್ಪ, ಕೊಡಗು