ಡುಕಾಟಿಯ ಜೋಡಿತೋಳು: ಅಂದದ ಆಕ್ಷೇಪಕ್ಕೆ ಒಂದು ಉತ್ತರ

ಮಾನ್ಯ ಸಂಪಾದಕರೇ,

ಇಟಲಿಯ ಡುಕಾಟಿ ಕಂಪನಿಯ ಹೊಸ ಪಾನಿಗಾಲೆ ವಿ4 ಬೈಕ್ ಕುರಿತು ನಿಮ್ಮ ವಾಹನ ಪುಟದಲ್ಲಿ ಬಂದ ಲೇಖನವು, ಹಿಂಚಕ್ರವನ್ನು ಒಂದೇ ಕಡೆಯಿಂದ ಹಿಡಿಯುತ್ತಿದ್ದ ಸ್ವಿಂಗ್‌ಆರ್ಮ್ ಬಿಟ್ಟು ಎರಡೂ ಕಡೆಯಿಂದ ಹಿಡಿಯುವ ಸ್ವಿಂಗ್‌ಆರ್ಮ್ ಅಳವಡಿಸಿದ್ದರಿಂದ ಅದರ ಅಂದವೇ ಹೋಯಿತು ಎಂದು ಬೇಸರಪಟ್ಟಿದೆ. ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಬಹುಕಾಲ ಯಂತ್ರಶಾಸ್ತ್ರ ಕಲಿಸಿದ ನಾನು ಈ ತೀರ್ಮಾನವನ್ನು ಒಪ್ಪಲಾರೆ.

ಒಂಟಿತೋಳಿನ ಚೆಲುವು ನನಗೂ ಗೊತ್ತು. ಮಾಸ್ಸಿಮೊ ತಂಬುರಿನಿ ರೂಪಿಸಿದ, 1994ರಲ್ಲಿ ಮಾರುಕಟ್ಟೆಗೆ ಬಂದ ಡುಕಾಟಿಯ 916 ಬೈಕನ್ನು ಬಲಗಡೆಯಿಂದ ನೋಡಿದರೆ ಹಿಂಚಕ್ರ ಯಾವ ಮರೆಯೂ ಇಲ್ಲದೆ, ನಡುವೆ ಒಂದೇ ದೊಡ್ಡ ನಟ್ಟಿನೊಡನೆ ಇಡಿಯಾಗಿ ಕಾಣುತ್ತದೆ. ಆದರೆ ರೇಸಿನಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಬೈಕ್ ನೆಟ್ಟಗೆ ಓಡುವಾಗ ರಸ್ತೆಯ ಉಬ್ಬುತಗ್ಗುಗಳ ಪೆಟ್ಟನ್ನು ಸಸ್ಪೆನ್ಷನ್ ತಾಳಿಕೊಳ್ಳುತ್ತದೆ. ಸವಾರ ತಿರುವಿನಲ್ಲಿ 60 ಡಿಗ್ರಿಯಷ್ಟು ವಾಲಿದಾಗಲಾದರೋ ಅದೇ ಉಬ್ಬು ಚಕ್ರವನ್ನು ಅಡ್ಡಲಾಗಿ ತಳ್ಳುತ್ತದೆ, ಸ್ಪ್ರಿಂಗ್ ಕುಗ್ಗುವ ದಿಕ್ಕೇ ಬೇರೆ, ಪೆಟ್ಟು ಬೀಳುವ ದಿಕ್ಕೇ ಬೇರೆಯಾಗುತ್ತದೆ. ಆಗ ಚಾಸಿ (ಬೈಕಿನ ಮೂಲ ಚೌಕಟ್ಟು) ಮತ್ತು ಸ್ವಿಂಗ್‌ಆರ್ಮ್ ತಾವೇ ಕೂದಲೆಳೆಯಷ್ಟು ಅಡ್ಡಕ್ಕೆ ಬಾಗಿ ಟೈರನ್ನು ನೆಲಕ್ಕೆ ಅಂಟಿಸಿಡಬೇಕು. ಸೈಕಲ್ ಚಕ್ರದ ಆಕ್ಸಲ್‌ನ ಒಂದೇ ತುದಿಯನ್ನು ವೈಸ್‌ನಲ್ಲಿ ಬಿಗಿದು ರಿಮ್ಮನ್ನು ಹೆಬ್ಬೆರಳಿನಿಂದ ಒತ್ತುವಂತೆ ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಚಕ್ರ ಓರೆಯಾಗುವುದು ಕಣ್ಣಿಗೇ ಕಾಣುತ್ತಿತ್ತು. ಒಂಟಿತೋಳಿನ ತೊಡಕು ಇದೇ: ಹಾಗೆ ತಿರುಚಿಕೊಳ್ಳದಿರಲು ಅದನ್ನು ದಪ್ಪವಾಗಿ ಮಾಡಬೇಕು, ದಪ್ಪವಾದರೆ ತೂಕವೂ ಬಿಗುವೂ ಹೆಚ್ಚುತ್ತವೆ. ಎರಡೂ ಕಡೆ ಆಧಾರವಿದ್ದರೆ ತಿರುಚುವಿಕೆಯನ್ನು ತಡೆದೂ ಅಡ್ಡ ಬಾಗುವಿಕೆಗೆ ಆಸ್ಪದ ಕೊಡಬಹುದು. ಹೊಸ ಸ್ವಿಂಗ್‌ಆರ್ಮ್‌ನ ಅಡ್ಡ ಬಿಗುವು ಶೇ 37ರಷ್ಟು, ಮುಂಭಾಗದ ಫ್ರೇಮಿನದು ಶೇ 40ರಷ್ಟು ಕಡಿಮೆ ಎಂದು ಡುಕಾಟಿಯೇ ತಿಳಿಸಿದೆ. ರೇಸಿಗೆಂದೇ ಕಟ್ಟಿದ ಬೈಕುಗಳ ವಿಶ್ವಸ್ಪರ್ಧೆಯಾದ ಮೋಟೊಜಿಪಿಯಲ್ಲಿ ಓಡುವ ಅದರ ಬೈಕ್‌ಗಳಿಗೂ ಜೋಡಿತೋಳೇ ಇದೆ.

ಇಂಥ ಆಕ್ಷೇಪ ಹಿಂದೆಯೂ ಕೇಳಿಬಂದಿತ್ತು. ಪಿಯರ್ ಟರ್ಬ್ಲಾಂಚ್ ವಿನ್ಯಾಸದ 999 ಬಂದಾಗ ಅದರ ಜೋಡಿತೋಳನ್ನೂ ಮುಂಭಾಗದ ದೀಪಗಳನ್ನೂ ಅಭಿಮಾನಿಗಳು ಹಳಿದರು, 2007ರ 1098ರಲ್ಲಿ ಕಂಪನಿ ಒಂಟಿತೋಳಿಗೇ ಮರಳಿತು. ಆದರೆ ಅಷ್ಟರೊಳಗೆ ಆ 999 ಬೈಕಿನ ಮೇಲೆ ನೀಲ್ ಹಾಜ್‌ಸನ್ 2003ರಲ್ಲಿ, ಜೇಮ್ಸ್ ಟೋಸ್‌ಲ್ಯಾಂಡ್ 2004ರಲ್ಲಿ, ಟ್ರಾಯ್ ಬೇಲಿಸ್ 2006ರಲ್ಲಿ, ಮಾರಾಟದ ಬೈಕುಗಳನ್ನೇ ಆಧರಿಸಿದ ರೇಸ್ ಸರಣಿಯಾದ ವಿಶ್ವ ಸೂಪರ್‌ಬೈಕ್ ಪಟ್ಟ ಗೆದ್ದಿದ್ದರು. ಅದು ಕುರೂಪಿ ಎಂದು ಇಂದಿಗೂ ಬರೆಯುವವರು ಈ ಮೂರು ಪಟ್ಟಗಳನ್ನು ಮರೆತೇಬಿಡುವುದು ನನಗೆ ನೋವಿನ ಸಂಗತಿ.

ಒಂಟಿತೋಳಿನ ಬೈಕಿನಲ್ಲೇ ಆಲ್ವಾರೊ ಬಟಿಸ್ಟಾ 2022 ಮತ್ತು 2023ರಲ್ಲಿ ಅದೇ ಪಟ್ಟ ಗೆಲ್ಲಲಿಲ್ಲವೇ ಎಂದು ಕೇಳಬಹುದು. ನಿಜ, ಗೆದ್ದರು. ಆದರೆ ಮುಂದಿನ ಎರಡೂ ವರ್ಷ ಬಿಎಂಡಬ್ಲ್ಯುವಿನ ತೊಪ್ರಾಕ್ ರಾಜ್‌ಗಾತ್ಲಿಒಲು ಗೆದ್ದು, ಡುಕಾಟಿಯ ನಿಕೊಲೊ ಬುಲೆಗಾ ಎರಡು ಬಾರಿಯೂ ಎರಡನೆಯ ಸ್ಥಾನದಲ್ಲಿ ಉಳಿಯಬೇಕಾಯಿತು. ಸಾಮಾನ್ಯ ವಿ4ರ ಎಂಜಿನ್ 1,103 ಸಿಸಿ. ವಿಶ್ವ ಸೂಪರ್‌ಬೈಕ್ ರೇಸಿನಲ್ಲಿ ನಾಲ್ಕು ಸಿಲಿಂಡರಿಗೆ 1,000 ಸಿಸಿ ಮಿತಿಯಿರುವುದರಿಂದ 2026ರಲ್ಲಿ ರೇಸಿಗಿಳಿಯುವುದು 998 ಸಿಸಿಯ, ಇದೇ ಜೋಡಿತೋಳಿನ ವಿ4 ಆರ್ ಮಾದರಿ. ಅದರ ಗೇರ್‌ಬಾಕ್ಸ್‌ನಲ್ಲಿ ನ್ಯೂಟ್ರಲ್ ಒಂದು ಮತ್ತು ಎರಡನೆಯ ಗೇರಿನ ನಡುವಿಲ್ಲ, ಒಂದರ ಕೆಳಗಿದೆ. ಕಡಿದಾದ ತಿರುವಿಗೆ ಬ್ರೇಕ್ ಹಾಕುತ್ತ ಒಂದನೆಯ ಗೇರಿಗೆ ಇಳಿಯುವಾಗ ಬೈಕ್ ತಪ್ಪಿ ನ್ಯೂಟ್ರಲ್‌ಗೆ ಬೀಳುವ ಭಯ ಇದರಿಂದ ತಪ್ಪುತ್ತದೆ. 2026ರಲ್ಲಿ ತೊಪ್ರಾಕ್ ಮೋಟೊಜಿಪಿಗೆ ಹೋಗುತ್ತಿರುವುದರಿಂದ ಬುಲೆಗಾಗೆ ಪಟ್ಟದ ಅವಕಾಶ ಹೆಚ್ಚೆಂದೇ ನನ್ನ ಎಣಿಕೆ, ಮೇಲುಗೈ ಸಾಧಿಸಿದ ಬೈಕಿಗೆ ರೇಸಿನ ನಿಯಮಗಳು ಕಡಿವಾಣ ಹಾಕುವ ಸಾಧ್ಯತೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಸಹ.

2026ರ ಫೆಬ್ರುವರಿಯಲ್ಲಿ ಆಸ್ಟ್ರೇಲಿಯಾದ ಫಿಲಿಪ್ ಐಲ್ಯಾಂಡ್‌ನಲ್ಲಿ ಮೊದಲ ರೇಸ್. ಅಲ್ಲಿನ ವೇಗದ, ಉದ್ದನೆಯ ಎಡತಿರುವುಗಳು ಹಿಂದಿನ ಟೈರಿನ ಎಡ ಅಂಚನ್ನು ಬೇಗ ಸವೆಸುತ್ತವೆ. ಕೊನೆಯ ಸುತ್ತುಗಳಲ್ಲಿ ಆ ಅಂಚು ಎಷ್ಟು ಉಳಿಯುತ್ತದೆ ಎಂಬುದರಲ್ಲೇ ಹೊಸ ಸ್ವಿಂಗ್‌ಆರ್ಮ್‌ನ ಗುಣ ತಿಳಿಯುವುದರಿಂದ, ಆ ರೇಸಿನ ವಿವರವಾದ ವರದಿಯನ್ನು ದಯವಿಟ್ಟು ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ನಿವೃತ್ತ ಯಂತ್ರಶಾಸ್ತ್ರ ಉಪನ್ಯಾಸಕ, ದಾವಣಗೆರೆ